ಅರವತ್ತೊಂದನೆಯ ದಿನ

ಎಚ್ಚರವಾದ ಕೂಡಲೇ ಮೃತ್ಯುಂಜಯನಿಗೆ ನೆನಪಾದದ್ದು, ಅರವತ್ತು ದಿನ ನಿನ್ನೆಗೆ ಮುಗಿಯಿತು ಎಂಬುದು. ಕ್ಯಾಲೆಂಡರಿನ ಮೇಲೆ ಒಂದು ಗೀಟನ್ನೂ ಎಳೆಯದೆ, ಹೆಂಡತಿಗೂ ಹೇಳದೆ, ಮನಸ್ಸಿನಲ್ಲೇ ಎಣಿಸಿಕೊಂಡು ಬಂದ ದಿನಗಳು. ಜುಲೈ ಹದಿಮೂರರ ಸೋಮವಾರ ಬೆಂಗಳೂರಿನ ವಕೀಲರ ಪರಿಷತ್ತಿನಿಂದ ರಿಜಿಸ್ಟರ್ಡ್ ಲಕೋಟೆ ಬಂದಿತ್ತು. ಮಗ್ಗೆಯ ವೀರಯ್ಯ ಎಂಬ ಕಕ್ಷಿದಾರ ನಿಮ್ಮ ಮೇಲೆ ಕೊಟ್ಟ ದೂರನ್ನು ಶಿಸ್ತು ಸಮಿತಿ ವಿಚಾರಿಸಿ ವಜಾ ಮಾಡಿದೆ ಎಂದು ಅದರಲ್ಲಿತ್ತು. ಒಪ್ಪಿಗೆಯಾಗದಿದ್ದರೆ ವೀರಯ್ಯ ಅರವತ್ತು ದಿನದೊಳಗೆ ದೆಹಲಿಯ ಪರಿಷತ್ತಿಗೆ ಅಪೀಲು ಹೋಗಬಹುದಿತ್ತು. ಹೋಗಲಿಲ್ಲ. ಇವತ್ತು ಸೆಪ್ಟೆಂಬರ್ ಹನ್ನೆರಡು, ತೊಂಬತ್ತೆಂಟನೇ ಇಸವಿಯ ಒಂದು ಎರಡನೇ ಶನಿವಾರ, ಕೋರ್ಟಿಗೆ ರಜ, ಹೊರಗೆ ಹೂಬಿಸಿಲು. ಇಪ್ಪತ್ತೆಂಟು ವರ್ಷ ವಕೀಲಿ ಮಾಡಿದವನು ತನ್ನ ಹಾಸಿಗೆಯಲ್ಲಿ ತಾನೇ ಮೈಮುರಿದು, ಸದ್ಯ, ಪಾರಾದೆ ಎಂದುಕೊಂಡ. ಯಾರಾದರೂ ಕೇಳಿಸಿಕೊಂಡರೇ ಎಂದು ಆಮೇಲೆ ಬಾಗಿಲ ಕಡೆ ನೋಡಿದ.

ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುವಾಗ ಗಂಟಲಿನಿಂದ ಏನೋ ಒಂದು ರಾಗ ತಾನಾಗಿ ಹೊರಟಿತು. “ಏನ್ರೀ, ಹಾಡು ಬರ್ತಿದೆ?” ಎಂದು ಪಂಕಜಾಕ್ಷಿ ಅಡುಗೆಮನೆಯಿಂದ ಕೂಗಿದಳು. “ಯಾಕೆ, ಹಾಡಬಾರದಾ?” ಎಂದ. “ಹಾಡಿ, ಹಾಡಿ. ಒಂದು ವರ್ಷದಿಂದ ಕೇಳಿರ್ಲಿಲ್ಲ, ಅದಕ್ಕೆ ಕೇಳ್ದೆ,” ಅಂದಳು. ಒಂದು ವರ್ಷ ಎಂಬ ಮಾತು ಕೆನ್ನೆಯ ಮೇಲೆ ಬ್ಲೇಡಿನ ಜೊತೆ ಸಣ್ಣಗೆ ಜಾರಿತು. ಹೌದು, ಹೋದ ಜುಲೈನಲ್ಲಿ ದೂರು ಹೋದದ್ದು, ಈ ಜುಲೈನಲ್ಲಿ ಆದೇಶ ಬಂದದ್ದು. ಆದೇಶ ಬಂದ ದಿನ ವಕೀಲರ ಸಂಘದ ಕೋಣೆಯಲ್ಲಿ ಮಹಾದೇವಯ್ಯ ಎಲ್ಲರಿಗೂ ಕೇಸರಿಬಾತ್ ತರಿಸಿದ್ದ. “ನಮ್ಮ ಮೃತ್ಯುಂಜಯನ ಮೇಲೆ ಕೈ ಹಾಕಿದ್ರೆ ನಮ್ಮೆಲ್ಲರ ಮೇಲೂ ಹಾಕಿದ ಹಾಗೆ ಕಣ್ರೀ,” ಎಂದು ಭಾಷಣವನ್ನೂ ಮಾಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಲ್ಲಿದ್ದ ಕೇಸರಿಬಾತಿನಲ್ಲಿ ದ್ರಾಕ್ಷಿಯೊಂದು ಸಿಕ್ಕಿ, ಅದನ್ನು ಅಗಿಯಬೇಕೋ ನುಂಗಬೇಕೋ ತಿಳಿಯದೆ ಮೃತ್ಯುಂಜಯ ಬಹಳ ಹೊತ್ತು ನಗುಮುಖದಲ್ಲೇ ಕೂತಿದ್ದ. ಆ ಚಪ್ಪಾಳೆಗಿಂತ ಬಸ್ಸಿನ ಆ ಟವಲ್ಲೇ ವಾಸಿ ಎಂದು ಅವತ್ತು ಅನ್ನಿಸಿತ್ತು.

ಬಸ್ಸಿನ ಟವಲ್ಲು ಎಂದರೆ, ಮೊದಲ ವಿಚಾರಣೆಯ ದಿನ ಬೆಂಗಳೂರಿಗೆ ಹೋಗಲು ಹಾಸನದಲ್ಲಿ ಬಸ್ಸು ಹತ್ತಿದ್ದ. ಒಳಗೆ ಕಾಲಿಡಲು ಜಾಗವಿಲ್ಲ. ನಡುವಿನ ಸೀಟಿನಿಂದ ಒಂದು ಕೈ ಎದ್ದು, “ಬನ್ನಿ ಸಾರ್, ಇಲ್ಲಿ ಸೀಟೈತೆ,” ಎಂದಿತು. ವೀರಯ್ಯ! ಪಕ್ಕದ ಸೀಟಿನ ಮೇಲೆ ಟವಲ್ಲು ಹಾಸಿ ಇಟ್ಟಿದ್ದ. ಯಾರಿಗೆಂದು ಹಾಸಿದ್ದನೋ, ಕೇಳುವ ಧೈರ್ಯ ಇವನಿಗಾಗಲಿಲ್ಲ. ನಾಲ್ಕು ಗಂಟೆಯ ದಾರಿ, ದೂರು ಕೊಟ್ಟವನೂ ದೂರಿಗೆ ಗುರಿಯಾದವನೂ ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಚನ್ನರಾಯಪಟ್ಟಣದಲ್ಲಿ ವೀರಯ್ಯ ಇಳಿದು ಎರಡು ಸೌತೆಕಾಯಿ ತಂದು, ಒಂದನ್ನು ಇವನ ಕೈಗಿಟ್ಟ. ಇವನು ತಿಂದ. ಉಪ್ಪು ಖಾರ ಹಚ್ಚಿದ್ದು ಚೆನ್ನಾಗಿಯೇ ಇತ್ತು. ಕನ್ನಡಿಯಲ್ಲಿ ಅರ್ಧ ನೊರೆ ಮೆತ್ತಿದ ತನ್ನ ಮುಖವನ್ನು ನೋಡಿ, ಮುಗೀತಲ್ಲ ಮಾರಾಯ, ಇನ್ನು ಯಾಕೆ ಅದೆಲ್ಲ ಎಂದು ಹೇಳಿಕೊಂಡ.

ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಜಗಲಿಯ ಕಟ್ಟೆಯ ಮೇಲೆ ವೀರಯ್ಯ ಕೂತಿದ್ದ.

ಅರವತ್ತೈದು ದಾಟಿದ ಮನುಷ್ಯ. ಹಣೆಯಲ್ಲಿ ಮೂರು ಬೆರಳ ವಿಭೂತಿ, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು, ಪಕ್ಕದಲ್ಲಿ ಕೊಡೆ. ಬಿಸಿಲಿದ್ದರೂ ಕೊಡೆ. ಮೃತ್ಯುಂಜಯ ಮುಖ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. “ಓ, ವೀರಯ್ಯನೋರು. ಬನ್ನಿ, ಒಳಗೆ ಬನ್ನಿ,” ಎಂದು ತನಗೇ ಅಸಹ್ಯವಾಗುವಷ್ಟು ಉತ್ಸಾಹದಿಂದ ಕರೆದು, ಮನೆಯ ಮುಂಭಾಗದಲ್ಲೇ ಇದ್ದ ಆಫೀಸಿನ ಬಾಗಿಲು ತೆಗೆದ. ವೀರಯ್ಯ ಹನ್ನೊಂದು ವರ್ಷ ಕೂತ ಅದೇ ಬೆತ್ತದ ಕುರ್ಚಿಯ ತುದಿಯಲ್ಲಿ ಕೂತ. ಹನ್ನೊಂದು ವರ್ಷ ನಡೆದದ್ದು ಒಂದು ಗಾಡಿದಾರಿಯ ಕೇಸು. ದಾಯಾದಿ ಪರಮಶಿವಯ್ಯನ ಕಾಫಿ ತೋಟದ ಅಂಚಿನಲ್ಲಿ ಹಾದು ವೀರಯ್ಯನ ಗದ್ದೆಗೆ ಹೋಗುತ್ತಿದ್ದ ದಾರಿ. ಪರಮಶಿವಯ್ಯ ಅದು ತನ್ನದೆಂದ, ವೀರಯ್ಯ ಅಪ್ಪನ ಕಾಲದಿಂದ ಗಾಡಿ ಹೋಗಿದೆ ಎಂದ. ಕೋರ್ಟು ತಡೆಯಾಜ್ಞೆ ಕೊಟ್ಟು ದಾರಿಯನ್ನು ತೆರೆದೇ ಇರಿಸಿತ್ತು. ಎರಡು ಮನೆಗಳ ನಡುವೆ ಮಾತು, ಊಟ, ನೀರು ಮೂರೂ ನಿಂತಿದ್ದವು.

“ಒಂದ್ ವಿಷ್ಯ ಕೇಳನಾಂತ ಬಂದೆ ಸಾರ್,” ಎಂದ ವೀರಯ್ಯ. “ಬೆಂಗಳೂರಿನೋರು ನನ್ ದೂರು ತಗದಾಕ್ಬುಟ್ರಲ್ಲ. ಅದ್ರ ಮ್ಯಾಲೆ ಡೆಲ್ಲಿಗೆ ಹೋಗ್ಬೋದು ಅಂತ ನಮ್ ಅಳಿಯ ಅಂದ. ಇಲ್ಲಿ ಮಾದೇವಯ್ಯೋರ್ನ ಕೇಳ್ದೆ, ಟೈಮು ಮುಗ್ದೋಗೈತೆ ಅಂದ್ರು. ಹಾಸನದಾಗೆ ಇಬ್ರನ್ನ ಕೇಳ್ದೆ. ವಕೀಲ್ರ ಮ್ಯಾಲೆ ನಾವು ಬರ್ಯಲ್ಲ ಅಂದ್ರು.”

“ಹೂಂ.”

“ಬರ್ಕೊಡಿ ಅಂತ ನಿಮ್ಮುನ್ನ ಕೇಳಕ್ಕೆ ಬಂದಿಲ್ಲ ಸಾರ್. ಅಷ್ಟು ದಡ್ಡ ಅಲ್ಲ ನಾನು. ಟೈಮು ಮುಗೀತಾ ಇಲ್ವಾ, ಅದೊಂದು ಹೇಳಿ. ನೀವ್ ಹೇಳಿದ್ರೆ ಸೈ. ತಾರೀಖಿನ ವಿಷ್ಯದಾಗೆ ನೀವು ಹನ್ನೊಂದು ವರ್ಷದಾಗೆ ಒಂದ್ಸಲಾನೂ ತಪ್ಪು ಹೇಳಿಲ್ಲ.”

ಹೀಗೆಂದು ಪ್ಲಾಸ್ಟಿಕ್ ಕವರಿನಿಂದ ಆದೇಶದ ಪ್ರತಿಯನ್ನೂ ಅದು ಬಂದ ಲಕೋಟೆಯನ್ನೂ ತೆಗೆದು ಮೇಜಿನ ಮೇಲಿಟ್ಟ. ಲಕೋಟೆಯನ್ನೂ ಜೋಪಾನ ಮಾಡಿ ಎಂದು ಎಲ್ಲ ಕಕ್ಷಿದಾರರಿಗೂ ಹೇಳುತ್ತಿದ್ದವನು ಮೃತ್ಯುಂಜಯನೇ. ಅದರ ಮೂಲೆಯಲ್ಲಿ ಪೋಸ್ಟ್‌ಮನ್ನಿನ ಪೆನ್ಸಿಲ್ ಬರಹ: ಊರಲ್ಲಿಲ್ಲ, ಊರಲ್ಲಿಲ್ಲ, ಕೊನೆಗೆ 24-7, ಕೊಟ್ಟಿದೆ. “ಅಷ್ಟೊತ್ನಾಗೆ ನಾನು ಹೊಂಗಡಹಳ್ಳದಾಗಿದ್ದೆ ಸಾರ್, ಮಗಳ ಬಾಣಂತನಕ್ಕೆ,” ಎಂದ ವೀರಯ್ಯ. ಇಪ್ಪತ್ತನಾಲ್ಕು! ಅರವತ್ತು ದಿನದ ಎಣಿಕೆ ಆದೇಶ ಕೈಗೆ ಸೇರಿದ ದಿನದಿಂದ. ಮೃತ್ಯುಂಜಯನ ತಲೆ ಅವನ ಅಪ್ಪಣೆಗೂ ಕಾಯದೆ ಲೆಕ್ಕ ಮುಗಿಸಿತು: ಸೆಪ್ಟೆಂಬರ್ ಇಪ್ಪತ್ತೆರಡು. ಇನ್ನೂ ಹತ್ತು ದಿನ. ಮಹಾದೇವಯ್ಯ ಲಕೋಟೆ ನೋಡಿರಲಾರ, ನೋಡಿದ್ದರೂ ಸ್ನೇಹಕ್ಕಾಗಿ ಸುಳ್ಳು ಹೇಳಿರುತ್ತಾನೆ. ಸುಳ್ಳನ್ನು ಬೇರೆಯವರು ಆಗಲೇ ಹೇಳಿಟ್ಟಿದ್ದಾರೆ, ತಾನೇನೂ ಹೊಸದಾಗಿ ಹೇಳಬೇಕಾಗಿಲ್ಲ, ತಲೆಯಾಡಿಸಿದರೆ ಸಾಕು.

“ಮುಗಿದಿದೆ ವೀರಯ್ಯನೋರೇ,” ಎಂದ. ಬಾಯಿ ಬಿಟ್ಟೇ ಹೇಳಿದ. ಬರಿದೇ ತಲೆಯಾಡಿಸುವುದು ಮರ್ಯಾದೆಯಲ್ಲ ಎಂದು ಆ ಹೊತ್ತಿನಲ್ಲೂ ಅನ್ನಿಸಿದ್ದು ಇನ್ನೂ ವಿಚಿತ್ರ.

ವೀರಯ್ಯ ಲಕೋಟೆಯನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ, “ಆಯ್ತು ಬುಡಿ. ಕೇಳ್ದಂಗಾಯ್ತು,” ಎಂದು ಕಾಗದಗಳನ್ನು ಕವರಿಗೆ ಸೇರಿಸಿ, ಕೊಡೆ ಎತ್ತಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ. “ಒಂಬತ್ತೂವರೆ ಬಸ್ಸು ಸಿಕ್ತದೆ,” ಎಂದು ತನಗೇ ಹೇಳಿಕೊಂಡು ಹೊರಟುಹೋದ.

ಪಂಕಜಾಕ್ಷಿ ಅಕ್ಕಿರೊಟ್ಟಿ ತಟ್ಟಿದ್ದಳು, ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಇಂಥ ಮಾತಾಡಿ ಬಂದವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಬಾರದಾಗಿತ್ತು. ಆದರೆ ನಿಜ ಹೇಳಬೇಕೆಂದರೆ ಅದು ಬಹಳ ರುಚಿಯಾಗಿತ್ತು, ಮೂರನೆಯದನ್ನೂ ಹಾಕಿಸಿಕೊಂಡ. ರೊಟ್ಟಿಯ ಅಂಚು ಮುರಿಯುತ್ತ ಮುರಿಯುತ್ತ ಹೋದ ಏಪ್ರಿಲ್‌ಗಿಂತ ಹಿಂದಿನ ಏಪ್ರಿಲ್‌ನಲ್ಲಿ ಮಗ್ಗೆಯ ಮದುವೆಮನೆಯ ಚಪ್ಪರದೊಳಗೆ ಕೂತಿದ್ದ. ಅಲ್ಲಿಯೂ ಊಟ ರುಚಿಯಾಗಿತ್ತು. ವೀರಯ್ಯನ ತಂಗಿಯ ಮಗಳ ಮದುವೆ. ಎರಡನೇ ಪಂಕ್ತಿಯಲ್ಲಿ, ಇವನಿಂದ ಹತ್ತೇ ಎಲೆ ಆಚೆ, ವೀರಯ್ಯನೂ ಪರಮಶಿವಯ್ಯನೂ ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು. ಆ ಸೀಮೆಯಲ್ಲಿ ವ್ಯಾಜ್ಯ ಬಿದ್ದ ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡರೆ ಊರಿಗೆ ಬೇರೆ ಕಾಗದ ಬೇಡ, ರಾಜಿಯಾಯಿತೆಂದೇ ಅರ್ಥ. ಕೈತೊಳೆದ ಮೇಲೆ ಪರಮಶಿವಯ್ಯ ಎಲೆಯಡಿಕೆ ಚಾಚಿದ, ವೀರಯ್ಯ ತೆಗೆದುಕೊಂಡ. ನೋಡುತ್ತಿದ್ದ ಮೃತ್ಯುಂಜಯನ ಕಣ್ಣಲ್ಲಿ ನೀರೇ ಬಂತು. ಹನ್ನೊಂದು ವರ್ಷದ ಕೇಸು! ಎರಡೂ ಮನೆಗಳು ಒಂದಾದವು, ಅದೂ ತನ್ನ ಕಣ್ಣೆದುರಿಗೆ. ಹೋಳಿಗೆ, ಹಾಲು, ಬಿಸಿಲು, ವಾಲಗ ಎಲ್ಲ ಸೇರಿ ಒಂದು ದೊಡ್ಡತನ ಅವನೊಳಗೆ ಉಬ್ಬಿತ್ತು. ಸೋಮವಾರವೇ ಫೈಲಿನಲ್ಲಿದ್ದ ಖಾಲಿ ಹಾಳೆಯೊಂದನ್ನು ತೆಗೆದ. ಅದರ ಕೆಳಗೆ ವೀರಯ್ಯನ ಸಹಿ ಮೊದಲೇ ಇತ್ತು. ಪ್ರತಿ ಕಾಗದಕ್ಕೂ ಊರಿಂದ ಬಸ್ಸು ಹಿಡಿದು ಬರಬೇಕಲ್ಲ ಎಂದು ಕಕ್ಷಿದಾರರು ನಾಲ್ಕಾರು ಖಾಲಿ ಹಾಳೆಗಳಿಗೆ ಸಹಿ ಮಾಡಿಟ್ಟು ಹೋಗುವುದು, ವಕೀಲರು ಬೇಕಾದಾಗ ತುಂಬಿಕೊಳ್ಳುವುದು ಅಲ್ಲಿ ಎಲ್ಲರ ಪದ್ಧತಿ. ಕೋರ್ಟಿನ ಹೊರಗೆ ರಾಜಿಯಾಗಿದೆ, ದಾವೆ ಮುಂದುವರಿಸುವುದಿಲ್ಲ ಎಂದು ಟೈಪು ಮಾಡಿಸಿ ಸಲ್ಲಿಸಿಬಿಟ್ಟ. ಕೇಸು ಮುಗಿದು ತಡೆಯಾಜ್ಞೆಯೂ ರದ್ದಾಯಿತು. ಮೂರು ವಾರದ ಮೇಲೆ ಪರಮಶಿವಯ್ಯ ದಾರಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದ.

“ಇನ್ನೊಂದು ಹಾಕ್ಲಾ?” ಎಂದಳು ಪಂಕಜಾಕ್ಷಿ. ಬೇಡವೆಂದು ಕೈ ಅಡ್ಡ ಹಿಡಿದ. “ಏನ್ ಕೇಳಕ್ಕೆ ಬಂದಿದ್ರು ಅವ್ರು?”

“ಟೈಮು ಮುಗೀತಾ ಅಂತ.”

“ಅದಕ್ಕೆ ಅಷ್ಟು ದೂರದಿಂದ ಬಂದ್ರಾ? ಅದೂ ನಿಮ್ಮನ್ನ ಕೇಳಕ್ಕೆ?” ಎಂದು ನಕ್ಕಳು. ಅವಳ ನಗೆಯಲ್ಲಿ ಯಾವ ಮುಳ್ಳೂ ಇರಲಿಲ್ಲ. ಆದರೆ ಮೃತ್ಯುಂಜಯ ತಟ್ಟೆಯ ಮುಂದೆ ಹಾಗೇ ಕೂತ. ಕೇಳಕ್ಕೆ. ಕೇಳುವುದಕ್ಕೆಂದು ಆ ಮನುಷ್ಯ ಬಸ್ಸು ಹತ್ತಿ, ತನ್ನ ಎದುರುದಾರನ ಮನೆಯ ಜಗಲಿಯಲ್ಲಿ ಅವನು ಗಡ್ಡ ಹೆರೆಯುವವರೆಗೆ ಕಾದು ಕೂತಿದ್ದ. ಮದುವೆಯ ಮಾರನೇ ದಿನ ಮಗ್ಗೆಗೆ ಎಷ್ಟು ದೂರವಿತ್ತು? ಅಷ್ಟೇ ದೂರವಿತ್ತು. ಬಸ್ಸೂ ಅದೇ. ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ದೂರಿಗೆ ಕೊಟ್ಟ ಉತ್ತರದಲ್ಲಿ ಮಾತ್ರ, ಕಕ್ಷಿದಾರರು ಬಾಯಿಮಾತಿನಲ್ಲಿ ತಿಳಿಸಿದಂತೆಯೇ ಅರ್ಜಿ ಹಾಕಲಾಯಿತು ಎಂದು ಒಂದು ಸಾಲು ಬರೆದಿದ್ದ. ಅಂಥ ಸಾಲುಗಳನ್ನು ಇನ್ನೊಬ್ಬರ ಪರವಾಗಿ ಎಷ್ಟು ಬರೆದಿಲ್ಲ! ಬೆಂಗಳೂರಿನ ಸಮಿತಿಯಲ್ಲಿ ಮೂವರು ಹಿರಿಯ ವಕೀಲರು ಕೂತು ವೀರಯ್ಯನನ್ನು ಕೇಳಿದರು. ಇದು ನಿಮ್ಮ ಸಹಿಯೇ? ಹೌದು ಸಾರ್. ಅವರ ಪಕ್ಕ ಕೂತು ಉಂಡಿರಾ? ಉಂಡೆ ಸಾರ್. ಎಲೆಯಡಿಕೆ ತೆಗೆದುಕೊಂಡಿರಾ? ತಗಂಡೆ ಸಾರ್. ವಕೀಲರಿಗೆ ನೀವು ಹೇಳಲೇ ಇಲ್ಲವೆನ್ನುವುದಕ್ಕೆ ಸಾಕ್ಷಿ? ಅದಕ್ಕೆ ವೀರಯ್ಯ ಇವನ ಮುಖವನ್ನು ನೋಡಿದ್ದ. ಇವನು ಗೋಡೆಯ ಗಡಿಯಾರವನ್ನು ನೋಡಿದ್ದ.

ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುತ್ತಿತ್ತು. ಈ ಗಡಿಯಾರ ಮನೆಯದು. ಮೃತ್ಯುಂಜಯ ಕೈಯನ್ನೂ ಸರಿಯಾಗಿ ತೊಳೆಯದೆ ಎದ್ದ.

ಮನೆಯಲ್ಲಿ ಉಡುವ ಪಂಚೆ, ತೋಳಿಲ್ಲದ ಬನಿಯನ್ನು, ಅದರ ಮೇಲೆ ಗುಂಡಿ ಹಾಕದ ಅಂಗಿ. ಆಲೂರಿನ ಪೇಟೆಬೀದಿಯಲ್ಲಿ ಕರಿಕೋಟಿಲ್ಲದೆ ಅವನನ್ನು ನೋಡಿದವರು ಕಡಿಮೆ, ಓಡುವುದನ್ನು ನೋಡಿದವರು ಯಾರೂ ಇರಲಿಲ್ಲ. ಗೊಬ್ಬರದ ಅಂಗಡಿಯ ಸುಬ್ಬಯ್ಯ, “ಏನ್ ಲಾಯರ್ ಸಾಹೇಬ್ರೇ, ಯಾರಿಗಾದ್ರೂ ಹುಷಾರಿಲ್ವಾ?” ಎಂದು ಎದ್ದೇ ನಿಂತ. “ಇಲ್ಲ ಇಲ್ಲ, ಎಲ್ಲ ಹುಷಾರು,” ಎಂದು ಕೂಗಿ ಹೇಳಿ, ಒಂದು ಚಪ್ಪಲಿಯ ಬಾರು ಕಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆದ. ಒಳಗೊಳಗೇ ನಗು ಬರುತ್ತಿತ್ತು. ಹಿಂತಿರುಗಿ ಹೋಗಿ ನಾಲ್ಕನೇ ರೊಟ್ಟಿ ತಿನ್ನಬಹುದು, ಯಾರಿಗೂ ಏನೂ ತಿಳಿಯುವುದಿಲ್ಲ ಎಂದು ತಲೆ ಹೇಳುತ್ತಲೇ ಇತ್ತು. ಕಾಲು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಸ್ಸಿನ ಇಂಜಿನ್ನು ಚಾಲೂ ಆಗಿತ್ತು. ಹಿಂದಿನಿಂದ ಮೂರನೇ ಕಿಟಕಿಯಲ್ಲಿ ವೀರಯ್ಯ ಕಂಡ. “ಇಳೀರಿ, ಇಳೀರಿ,” ಎಂದು ಮೃತ್ಯುಂಜಯ ಕಿಟಕಿಯ ಕಂಬಿ ಹಿಡಿದುಕೊಂಡ. “ನಾನು ಹೇಳಿದ್ದು ತಪ್ಪು. ಟೈಮಿದೆ. ಇನ್ನೂ ಹತ್ತು ದಿನ ಇದೆ.”

ವೀರಯ್ಯ ಅವನ ಮುಖವನ್ನೂ, ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿದ. “ನೀವ್ ತಾರೀಕು ತಪ್ಪು ಹೇಳದಾ?” ಎಂದ.

“ತಪ್ಪಿ ಹೇಳಿದ್ದಲ್ಲ. ಗೊತ್ತಿದ್ದೇ ಹೇಳ್ದೆ.”

ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡಿದಳು. ಕಂಡಕ್ಟರು, “ಇಳಿಯೋರು ಬೇಗ ಇಳ್ಕಳಿ,” ಎಂದು ಬಾಗಿಲು ಬಡಿದ. ವೀರಯ್ಯ ಕೊಡೆ, ಕವರು ಎತ್ತಿಕೊಂಡು ಇಳಿದ. ಇಬ್ಬರೂ ಬೀದಿಯಲ್ಲಿ ವಾಪಸು ನಡೆದರು. ಮೋಚಿಯ ಹತ್ತಿರ ಬಂದಾಗ ವೀರಯ್ಯ, “ಹೊಲಿಸ್ಕಳಿ ಸಾರ್, ಇನ್ನೊಂದೂ ಕಿತ್ತೋಗ ಹಂಗೈತೆ,” ಎಂದ. ಚಪ್ಪಲಿ ಹೊಲಿಯುವವರೆಗೆ ಇಬ್ಬರೂ ಅಲ್ಲೇ ನಿಂತರು.

ಆಫೀಸಿನಲ್ಲಿ ಕೂತ ಮೇಲೆ ವೀರಯ್ಯ ಕೇಳಿದ. “ಡೆಲ್ಲಿಗೇ ಯಾಕೆ ಹೋಗ್ಬೇಕು ಸಾರ್? ಬೆಂಗಳೂರಿನೋರ್ಗೇ ಇನ್ನೊಂದ್ಸಲ ನೋಡ್ರಪ್ಪಾ ಅನ್ನಕ್ಕಾಗಲ್ವಾ?”

“ಆಗುತ್ತೆ. ಅವರ ಆದೇಶವನ್ನ ಅವರೇ ಮತ್ತೆ ಪರಿಶೀಲಿಸಬಹುದು, ಅದಕ್ಕೂ ಅರವತ್ತೇ ದಿನ. ಆದ್ರೆ ಅವರು ಮನಸ್ಸು ಬದಲಾಯಿಸಿದ್ರೂ ದೆಹಲಿಯವರು ಒಪ್ಪೋವರೆಗೂ ಅದಕ್ಕೆ ಬೆಲೆ ಇಲ್ಲ. ಹೇಗೂ ಅಲ್ಲಿಗೇ ಹೋಗಬೇಕು, ನೆಟ್ಟಗೆ ಅಲ್ಲಿಗೇ ಹೋಗೋದು ವಾಸಿ.”

“ಅಲ್ಲಿ ನೀವ್ ಸೋತ್ರೆ?”

“ನಾನು ಸುಪ್ರೀಂ ಕೋರ್ಟಿಗೆ ಹೋಗಬಹುದು. ನೀವು ಸೋತ್ರೆ ನೀವೂ ಹೋಗಬಹುದು.”

“ಅಯ್ಯೋ ಮಾರಾಯ್ರೇ,” ಎಂದ ವೀರಯ್ಯ. “ಒಂದ್ ಗಾಡಿದಾರಿಗೆ!”

ಟೈಪು ಮಾಡುವ ಗಂಗಾಮಣಿಗೂ ರಜೆ. ಮೃತ್ಯುಂಜಯ ತಾನೇ ಬಿಳಿ ಹಾಳೆಗಳ ಕಟ್ಟು ಬಿಚ್ಚಿ ಮೇಜಿನ ಮೇಲೆ ಇಟ್ಟ. ಇಟ್ಟಿದ್ದೇ ತಡ, ವೀರಯ್ಯ ಜೇಬಿನ ಪೆನ್ನು ತೆಗೆದು, ಮೇಲಿನ ಹಾಳೆಯ ತಳದಲ್ಲಿ ಅಭ್ಯಾಸಬಲದಿಂದ ಸಹಿ ಮಾಡಿಯೇಬಿಟ್ಟ. “ಹತ್ತೂಮುಕ್ಕಾಲಿಗೆ ಇನ್ನೊಂದ್ ಬಸ್ಸೈತೆ. ಎಷ್ಟು ಬೇಕು ಹೇಳಿ, ಹಾಕಿಟ್ಟೋಗ್ತೀನಿ, ಆಮೇಲೆ ಬರ್ಕಳಿ,” ಎಂದು ಎರಡನೇ ಹಾಳೆಗೂ ಕೈ ಹಾಕಿದ. ಮೃತ್ಯುಂಜಯ ಆ ಕೈಯನ್ನು ಹಿಡಿದುಕೊಂಡ. ಅವನಿಗೆ ಅಳು ಬರುವಂತಾಯಿತು, ಮರುಕ್ಷಣ ಸಿಟ್ಟು ಬಂತು. “ಇನ್ನೂ ಬುದ್ಧಿ ಬರಲಿಲ್ವಾ ನಿಮಗೆ? ಯಾರಿಗೂ ಹೀಗೆ ಮಾಡಿಕೊಡಬೇಡಿ. ನನಗಂತೂ ಬೇಡವೇ ಬೇಡ. ಕೂತ್ಕೊಳ್ಳಿ. ನಾನು ಬರೀತೀನಿ, ಓದಿ ಹೇಳ್ತೀನಿ, ಆಮೇಲೆ ಸಹಿ,” ಎಂದು ಆ ಹಾಳೆಯನ್ನು ನಾಲ್ಕು ಚೂರು ಮಾಡಿದ. ವೀರಯ್ಯ ಬೈಸಿಕೊಂಡವನ ಹಾಗೆ ಅಲ್ಲದೆ ನೆಮ್ಮದಿಯಾದವನ ಹಾಗೆ ಬೆತ್ತದ ಕುರ್ಚಿಯ ಹಿಂದಕ್ಕೆ ಸರಿದು, ಪೂರ್ತಿ ಒರಗಿ ಕೂತ.

ಬರೆಯುವುದು ಶುರುವಾದ ಮೇಲೆ ಮೃತ್ಯುಂಜಯನಿಗೆ ಹೊತ್ತಿನ ಪರಿವೆಯೇ ಹೋಯಿತು. ಇಂಗ್ಲಿಷಿನಲ್ಲಿ, ವೀರಯ್ಯನ ಬಾಯಲ್ಲಿ, ನಾನು ಎಂದು ಶುರುಮಾಡಿ, ತನ್ನನ್ನು ಎದುರುದಾರನೆಂದು ಕರೆಯುತ್ತ ಹೋದ. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಯಾವ ಅಪೀಲನ್ನೂ ಬರೆದಿರಲಿಲ್ಲ. ಯಾಕೆಂದರೆ ಯಾವ ಎದುರುದಾರನ ಹೊಟ್ಟೆಯೊಳಗಿನದೂ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಸಮಿತಿ ನೋಡಿದ್ದು ರಾಜಿ ಅರ್ಜಿಯ ಜೆರಾಕ್ಸು, ಅದೂ ಮಸುಕು. ಮೂಲ ಅರ್ಜಿಯನ್ನು ಕೋರ್ಟಿನಿಂದ ತರಿಸಿದ್ದರೆ ಯಾರಿಗೂ ಕಾಣುತ್ತಿತ್ತು: ಸಹಿ ಮೊದಲೇ ಇದ್ದುದರಿಂದ ಅದರ ಮೇಲಿನ ಜಾಗದಲ್ಲಿ ಹಿಡಿಸಲೆಂದು ಗಂಗಾಮಣಿ ಕೊನೆಯ ನಾಲ್ಕು ಸಾಲುಗಳನ್ನು ಒತ್ತೊತ್ತಾಗಿ ಹೊಡೆದಿದ್ದಳು. ತರಿಸದಿರಲಿ ಎಂದು ಅವನು ಒಂದು ವರ್ಷ ಹರಕೆ ಹೊತ್ತವನಂತೆ ಕಾದಿದ್ದ. ಈಗ ಅದನ್ನೇ ಅಪೀಲಿನ ಎರಡನೇ ಕಾರಣವಾಗಿ ಬರೆದ. ಒಂದೇ ಪಂಕ್ತಿಯಲ್ಲಿ ಉಂಡದ್ದು ಊರಿನವರಿಗೆ ರಾಜಿಯಾಗಬಹುದು, ವಕೀಲನಿಗೆ ಅದು ಅಪ್ಪಣೆಯಾಗಲಾರದು ಎಂದು ಮೂರನೆಯದರಲ್ಲಿ ಬರೆದು, ಪೆನ್ನು ಎತ್ತಿ, ಆ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡು ಖುಷಿಪಟ್ಟ. ನಾಚಿಕೆಗೇಡಿನ ಖುಷಿ, ಆದರೆ ನಿಜವಾದದ್ದು. ಕಿಟಕಿಯಿಂದ ಬಿಸಿಲು ಹಾಳೆಯ ಮೇಲೆ ಬಿದ್ದಿತ್ತು. ಹೊರಗೆ ಶುಂಠಿ ಮೂಟೆ ಹೇರಿದ ಲಾರಿಯೊಂದು ಗೇರು ಬದಲಿಸಿತು. ಪಂಕಜಾಕ್ಷಿ ಎರಡು ಲೋಟ ಕಾಫಿ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ ಹೋದಳು. ವೀರಯ್ಯ ಕಾಫಿ ಕುಡಿದು, ಕಣ್ಣು ಮುಚ್ಚಿ, ಸಣ್ಣಗೆ ನಿದ್ದೆಯನ್ನೂ ಮಾಡಿದ. ಈ ಕೋಣೆಯಲ್ಲಿ ಇಷ್ಟು ಹಾಯಾಗಿ ತಾನು ಯಾವಾಗ ಕೆಲಸ ಮಾಡಿದ್ದೆ ಎಂದು ಮೃತ್ಯುಂಜಯ ಯೋಚಿಸಿದ. ನೆನಪಾಗಲಿಲ್ಲ.

ಮುಗಿದ ಮೇಲೆ ವೀರಯ್ಯನನ್ನು ಎಬ್ಬಿಸಿ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದ. ವೀರಯ್ಯ ಹೂಂಗುಟ್ಟುತ್ತ ಬಂದವನು ಆರನೇ ಕಾರಣದಲ್ಲಿ ತಡೆದ.

“ಏನಂದ್ರಿ?”

“ಎದುರುದಾರರು ನನಗೆ ಮೋಸ ಮಾಡಿದರು.”

“ಮೋಸ ಅಂತ ನಾ ಎಲ್ಲಂದೆ? ಅದ್ನ ತಗೀರಿ.”

“ವೀರಯ್ಯನೋರೇ, ಗಟ್ಟಿಯಾಗಿ ಬರೀದಿದ್ರೆ ಅಲ್ಲಿ ನಿಲ್ಲಲ್ಲ.”

“ನಿಲ್ಲದಿದ್ರೆ ಬೀಳ್ಲಿ. ನೀವು ನನ್ನ ಕೇಳ್ಲಿಲ್ಲ. ಅಷ್ಟೇ ನನ್ ದೂರು. ತಂಗಿ ಮಗಳ ಮದ್ವೆ, ಇದ್ದದ್ದೊಂದೇ ಎಲೆ, ಕೂತೆ. ಅವ್ನ ಪಕ್ಕ ಅಂತ ಎದ್ದೋದ್ರೆ ಆ ಮಗೀಗೆ ಸರಿಕಾಣ್ತಿತ್ತಾ? ಅದ್ನೆಲ್ಲ ನೋಡ್ಕಂಡು, ನನ್ ವಕೀಲ್ರು ನನ್ನೊಂದ್ ಮಾತು ಕೇಳ್ದೆ ನನ್ ಸಹಿ ಮ್ಯಾಲೆ ನನ್ ಬಾಯ್ನಾಗೆ ಮಾತು ಹಾಕ್ಬುಟ್ರು. ಕೇಳ್ಲಿಲ್ಲ ಅಂತ ಬರೀರಿ.”

ಮೃತ್ಯುಂಜಯ ಮೋಸ ಎಂಬುದನ್ನು ಹೊಡೆದುಹಾಕಿ, ಕೇಳಲಿಲ್ಲ ಎಂದು ಬರೆದ. ಮೊದಲಿನ ಪದಕ್ಕೆ ಒಂದು ವರ್ಷದಿಂದ ಉತ್ತರಗಳನ್ನು ಹುಡುಕಿ ಇಟ್ಟುಕೊಂಡಿದ್ದ. ಈ ಪದ ಬರುತ್ತದೆಂದು ಎಣಿಸಿಯೇ ಇರಲಿಲ್ಲ. ಹೊಸ ಹಾಳೆಯೊಂದನ್ನು ಎಳೆದುಕೊಂಡು, ಈ ಸಲ ತನ್ನ ಹೆಸರಿನಲ್ಲೇ ನಾನು ಎಂದು ಶುರುಮಾಡಿ, ಐದೇ ಸಾಲು ಬರೆದ.

“ಅದೇನ್ ಸಾರ್?”

“ಅಪೀಲು ಎಷ್ಟು ಚೆನ್ನಾಗಿದ್ರೂ ಸಾಕ್ಷಿ ಇಲ್ಲ. ನೀವು ಹೇಳಿಲ್ಲ ಅಂತೀರಿ, ನಾನು ಹೇಳಿದ್ರು ಅಂತ ಉತ್ತರ ಕೊಟ್ಟಿದೀನಿ. ದೆಹಲಿಯವರೂ ಬೆಂಗಳೂರಿನವರ ಹಾಗೇ ಕೈಬಿಡ್ತಾರೆ. ಅದಕ್ಕೆ ಇದು. ಆ ಉತ್ತರ ಸುಳ್ಳು, ವೀರಯ್ಯನವರನ್ನ ನಾನು ಕೇಳಿರಲಿಲ್ಲ ಅಂತ. ಸೋಮವಾರ ನೋಟರಿ ಮುಂದೆ ಪ್ರಮಾಣ ಮಾಡಿ ಇದನ್ನೂ ಜೊತೆಗೆ ಕಳಿಸೋದು. ಇದರದೇ ಇನ್ನೊಂದು ಪ್ರತಿ ಇಟ್ಟುಕೊಂಡು, ಬೇರೆ ವಕೀಲರ ಕೈಲಿ ರಾಜಿ ರದ್ದು ಮಾಡಿ ಅಂತ ಕೋರ್ಟಿನಲ್ಲಿ ಹಾಕಿಸಿ. ದಾರಿ ಕೇಸಿಗೆ ಮತ್ತೆ ಜೀವ ಬರುತ್ತೆ.”

ವೀರಯ್ಯ ಆ ಹಾಳೆಯನ್ನು ದೂರದಿಂದಲೇ ನೋಡಿದ. “ನಿಮ್ ವಕೀಲಿ ಸನ್ನದು?”

“ಒಂದೆರಡು ವರ್ಷ ನಿಲ್ಲಿಸಬಹುದು. ಪೂರ್ತಿ ಕಿತ್ತುಕೊಂಡ್ರೂ ಕಿತ್ತುಕೊಳ್ಳಬಹುದು.”

“ಆಗ ಸುಪ್ರೀಂ ಕೋರ್ಟಿಗೋಗ್ತೀರಾ?”

“ಇಲ್ಲ,” ಎಂದ ಮೃತ್ಯುಂಜಯ. ಹೇಳಿದ ಮೇಲೆ ಅದು ನಿಜವೆಂದು ಗೊತ್ತಾಯಿತು. ಕರಿಕೋಟಿಲ್ಲದ ತನ್ನನ್ನು ಆಗಲೇ ಪೇಟೆಯೆಲ್ಲ ನೋಡಿಯಾಗಿತ್ತು. ಇವತ್ತು ಬೆಳಿಗ್ಗೆ ಪಾರಾದೆನೆಂದುಕೊಂಡಾಗ ಆದ ಸಂತೋಷಕ್ಕಿಂತ ಇದು ಬೇರೆ, ಬಾಗಿಲ ಕಡೆ ನೋಡಬೇಕಾಗಿಲ್ಲದ್ದು.

ಸಹಿ ಮಾಡುವ ಮೊದಲು ವೀರಯ್ಯ ಪ್ರತಿ ಹಾಳೆಯನ್ನೂ ತಿರುಗಿಸಿ ನೋಡಿದ. ಅವನು ಪೆನ್ನು ಮುಚ್ಚುತ್ತಿದ್ದಾಗ ಮೃತ್ಯುಂಜಯ, “ವೀರಯ್ಯನೋರೇ, ಒಂದು ಮಾತು,” ಎಂದ. “ಆ ಮದುವೆಯ ಮಾರನೇ ದಿನ ನಾನು ನಿಮ್ಮನೆಗೆ ಬಂದು, ಹೇಗೂ ಒಟ್ಟಿಗೆ ಉಂಡಿದೀರಿ, ರಾಜಿ ಮಾಡ್ಕೊಂಡುಬಿಡೋಣವಾ ಅಂತ ಕೇಳಿದ್ರೆ ಏನಂತಿದ್ರಿ?”

ವೀರಯ್ಯ ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

“ಹೂಂ ಅಂತಿದ್ದೆ ಸಾರ್,” ಎಂದ. “ಅವ್ನು ಎಲೆಡಿಕೆ ಕೊಟ್ಟಾಗ ನನ್ಗೂ ಸಾಕಾಗಿತ್ತು. ನೀವ್ ಬರ್ತೀರಿ, ಕೇಳ್ತೀರಿ ಅಂತ ಎರಡ್ ದಿನ ಮನೇಲೇ ಇದ್ದೆ.”